ಸಂಶೋಧನಾ ಸಂಸ್ಥೆಗೂ ಪರೀಕ್ಷೆ ಉಂಟು: ಹೊರಗಿನವರು ಬಂದು ಏನು ನೋಡ್ತಾರೆ?



ಹೊಸ ತಳಿ, ಹೊಸ ಯಂತ್ರ, ಹೊಸ ಪದ್ಧತಿ ಅಂತ ನಿಮ್ಮ ಮೊಬೈಲಿಗೆ ದಿನಾ ಒಂದಲ್ಲ ಒಂದು ವಿಡಿಯೋ ಬರ್ತಾನೇ ಇರುತ್ತೆ. ಎಲ್ಲದರಲ್ಲೂ 'ಭರ್ಜರಿ ಇಳುವರಿ'. ಅದು ನಿಜವೋ ಅಲ್ಲವೋ ಅಂತ ತೂಗಿ ನೋಡೋರು ಯಾರು? ಮಾಡಿದವರನ್ನೇ ಕೇಳಿದರೆ ಚೆನ್ನಾಗಿದೆ ಅಂತಲೇ ಹೇಳ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ದೊಡ್ಡ ದೊಡ್ಡ ಸಂಶೋಧನಾ ಸಂಸ್ಥೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅದಕ್ಕೇ ಅಲ್ಲಿ 'ಬಾಹ್ಯ ಮೌಲ್ಯಮಾಪನ' ಅನ್ನುವ ಪದ್ಧತಿ ಇದೆ. ಈ ವಾರ ಅದನ್ನು ತಿಳಿದುಕೊಂಡು, ನಮ್ಮ ಹೊಲಕ್ಕೆ ಹೇಗೆ ಬಳಸಬಹುದು ನೋಡೋಣ.

ಬಾಹ್ಯ ಮೌಲ್ಯಮಾಪನ ಅಂದರೇನು?

ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಸ್ಥಾಪನೆಯಾಯಿತು. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ, ಹೀಗೆ ಒಣಭೂಮಿ ಬೆಳೆಗಳ ಮೇಲೆ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಇದು. ಇಂಥ ಸಂಸ್ಥೆಗಳಿಗೆ ಹಲವು ದೇಶಗಳು ಹಣ ಕೊಡುತ್ತವೆ. ಆ ಹಣ ರೈತನ ಹೊಲದವರೆಗೆ ಮುಟ್ಟಿತಾ ಅನ್ನುವ ಲೆಕ್ಕ ಬೇಕಲ್ಲ?

ಅದಕ್ಕಾಗಿ ಸುಮಾರು ಐದು ವರ್ಷಕ್ಕೊಮ್ಮೆ ಹೊರಗಿನ ತಜ್ಞರ ತಂಡವೊಂದು ಬರುವ ಪದ್ಧತಿ 1970ರ ದಶಕದಲ್ಲೇ ಶುರುವಾಯಿತು. ತಂಡದಲ್ಲಿ ಸಂಸ್ಥೆಯ ನೌಕರರು ಇರುವುದಿಲ್ಲ. ಅವರು ದಾಖಲೆ ಓದುತ್ತಾರೆ, ಪ್ರಯೋಗದ ತಾಕು ನೋಡುತ್ತಾರೆ, ವಿಜ್ಞಾನಿಗಳನ್ನೂ ಜೊತೆಗೆ ಕೆಲಸ ಮಾಡಿದವರನ್ನೂ ಮಾತಾಡಿಸುತ್ತಾರೆ. ಕೊನೆಗೆ ಶಿಫಾರಸುಗಳ ವರದಿ ಕೊಡುತ್ತಾರೆ. ಯಾವುದನ್ನು ಒಪ್ಪುತ್ತೇವೆ, ಯಾವುದನ್ನು ಒಪ್ಪುವುದಿಲ್ಲ, ಯಾಕೆ ಅಂತ ಸಂಸ್ಥೆ ಬರವಣಿಗೆಯಲ್ಲಿ ಉತ್ತರ ಕೊಡಬೇಕು.

ಇಂದು ಜಗತ್ತಿನಾದ್ಯಂತ ಇಂಥ ಮೌಲ್ಯಮಾಪನದಲ್ಲಿ ಕೇಳುವ ಮುಖ್ಯ ಪ್ರಶ್ನೆಗಳು ಆರು:

1. ಈ ಕೆಲಸ ಜನರಿಗೆ ನಿಜಕ್ಕೂ ಬೇಕಿತ್ತಾ?
2. ಬೇರೆಯವರು ಮಾಡುತ್ತಿರುವ ಕೆಲಸಕ್ಕೆ ಹೊಂದುತ್ತದಾ?
3. ಅಂದುಕೊಂಡ ಗುರಿ ಮುಟ್ಟಿತಾ?
4. ಹಾಕಿದ ಹಣ, ಸಮಯಕ್ಕೆ ತಕ್ಕ ಫಲ ಬಂತಾ?
5. ಜನರ ಬದುಕಿನಲ್ಲಿ ಏನು ಬದಲಾಯಿತು?
6. ಯೋಜನೆ ಮುಗಿದ ಮೇಲೂ ಅದು ಉಳಿಯುತ್ತದಾ?

ಯಂತ್ರ ಚೆನ್ನಾಗಿತ್ತು, ರೈತ ಒಲ್ಲೆ ಅಂದ

ಹೊರಗಿನ ಕಣ್ಣು ಯಾಕೆ ಬೇಕು ಅನ್ನೋದಕ್ಕೆ ಒಂದು ಉದಾಹರಣೆ. ಕಪ್ಪು ಮಣ್ಣಿನಲ್ಲಿ ಅಗಲ ಮಡಿ ಮಾಡಿ, ನಡುವೆ ನೀರು ಹರಿಯಲು ಸಾಲು ಬಿಡುವ ಪದ್ಧತಿಯನ್ನು ಇಕ್ರಿಸ್ಯಾಟ್ ಅಭಿವೃದ್ಧಿಪಡಿಸಿತು. ಅದಕ್ಕೆ 'ಟ್ರಾಪಿಕಲ್ಟರ್' ಅನ್ನುವ ಚಕ್ರದ ಎತ್ತಿನ ಉಪಕರಣ ಬಳಸಿದರು. ಉಳುಮೆ, ಬಿತ್ತನೆ, ಎಡೆ ಹೊಡೆಯೋದು, ಸಾಗಾಟ ಎಲ್ಲಾ ಒಂದರಲ್ಲೇ. ಸಂಶೋಧನಾ ತಾಕಿನಲ್ಲಿ ಕೆಲಸ ಚೆನ್ನಾಗಿಯೇ ನಡೆಯಿತು.

ಆದರೆ ಎತ್ತಿನ ಬೇಸಾಯದ ತಜ್ಞ ಪಾಲ್ ಸ್ಟಾರ್ಕಿ, ಇಂಥ ಉಪಕರಣಗಳು ಜಗತ್ತಿನ ಬೇರೆ ಬೇರೆ ಕಡೆ ಏನಾದವು ಅಂತ ಹುಡುಕಿಕೊಂಡು ಹೋದರು. 1988ರಲ್ಲಿ ಅವರ ಪುಸ್ತಕ ಬಂತು. ಮೂವತ್ತು ವರ್ಷಗಳಲ್ಲಿ ಸುಮಾರು 10,000 ಉಪಕರಣ ತಯಾರಾಗಿದ್ದರೂ, ಅವನ್ನು ಬಹುಪಯೋಗಿಯಾಗಿ ವರ್ಷಗಟ್ಟಲೆ ಬಳಸಿದ ರೈತರು ಇಲ್ಲವೆನ್ನುವಷ್ಟು ಕಡಿಮೆ ಅಂತ ಅವರು ಕಂಡುಕೊಂಡರು. ಕಾರಣ? ಬೆಲೆ ಜಾಸ್ತಿ, ಭಾರ ಜಾಸ್ತಿ, ತಿರುಗಿಸೋದು ಕಷ್ಟ, ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಿಸುವುದು ತಲೆನೋವು. ಎಲ್ಲಾ ಒಂದರಲ್ಲೇ ಇದ್ದರೆ, ಅದು ಕೆಟ್ಟ ದಿನ ಎಲ್ಲಾ ಕೆಲಸವೂ ನಿಂತಂತೆ. ಕುಂಟೆ, ಕೂರಿಗೆ ಬೇರೆ ಬೇರೆ ಇದ್ದರೆ ಆ ಭಯ ಇಲ್ಲ.

ಇಲ್ಲಿ ಗಮನಿಸಿ: ಯಂತ್ರ ಮೂರನೇ ಪ್ರಶ್ನೆಯಲ್ಲಿ, ಅದೂ ಸಂಶೋಧನಾ ತಾಕಿನ ಮಟ್ಟಿಗೆ, ಪಾಸಾಯಿತು. ಆರನೆಯದರಲ್ಲಿ ಫೇಲಾಯಿತು.

ಮಾರುತಿ ತೊಗರಿ: ಗೆಲುವಿಗೂ ಎರಡು ಮುಖ

ಈಗ ನಮ್ಮ ಕಡೆಯ ಉದಾಹರಣೆ. ನೆಟೆ ರೋಗ ಬಂದರೆ ತೊಗರಿ ಗಿಡ ನಿಂತಲ್ಲೇ ಒಣಗಿ ಹೋಗುತ್ತೆ ಅಂತ ಕಲಬುರಗಿ, ಬೀದರ್ ಕಡೆಯವರಿಗೆ ಹೇಳಬೇಕಿಲ್ಲ. ಈ ರೋಗ ತಡೆಯುವ ಐಸಿಪಿ 8863 ತಳಿ 1986ರಲ್ಲಿ ಕರ್ನಾಟಕದಲ್ಲಿ 'ಮಾರುತಿ' ಹೆಸರಿನಲ್ಲಿ ಬಿಡುಗಡೆಯಾಗಿ, ಉತ್ತರ ಕರ್ನಾಟಕದಲ್ಲಿ ಬೇಗ ಹರಡಿತು. ಅದರಿಂದಾದ ಲಾಭದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಆದರೆ ಅದನ್ನು ಮಾಡಿದವರು ಇಕ್ರಿಸ್ಯಾಟ್‌ನ ಅರ್ಥಶಾಸ್ತ್ರಜ್ಞರೇ. ಹಾಗಂತ ಅದು ಸುಳ್ಳು ಅಂತಲ್ಲ. ಇಂಥ ಲೆಕ್ಕವನ್ನು ಹೊರಗಿನವರೂ ಒಮ್ಮೆ ತಾಳೆ ನೋಡಿದರೆ ನಂಬಿಕೆ ಗಟ್ಟಿಯಾಗುತ್ತೆ, ಅಷ್ಟೆ.

ಇನ್ನೊಂದು ಮುಖವೂ ಇದೆ. ಮಾರುತಿ ನೆಟೆ ರೋಗ ತಡೆಯುತ್ತದೆ, ಗೊಡ್ಡು ರೋಗಕ್ಕೆ ಮಾತ್ರ ಸುಲಭವಾಗಿ ತುತ್ತಾಗುತ್ತದೆ. ಎರಡನ್ನೂ ತಡೆಯುವ 'ಆಶಾ' ತಳಿ ಬಂದದ್ದು 1993ರಲ್ಲಿ. ಒಳ್ಳೆಯ ಮೌಲ್ಯಮಾಪನ ಎರಡೂ ಮುಖ ಹೇಳುತ್ತದೆ. ಜಾಹೀರಾತು ಒಂದನ್ನೇ ಹೇಳುತ್ತದೆ.

ನಿಮ್ಮ ಹೊಲದಲ್ಲೇ ಮಾಡಿ ನೋಡಿ

- ಹೊಸ ತಳಿಯನ್ನು ಪೂರ್ತಿ ಹೊಲಕ್ಕೆ ಹಾಕಬೇಡಿ. ಹಳೆಯದು, ಹೊಸದು ಅಕ್ಕಪಕ್ಕ ಇರಲಿ. ಮಣ್ಣು, ಬಿತ್ತನೆ ದಿನ, ಗೊಬ್ಬರ ಎಲ್ಲಾ ಒಂದೇ ಇರಲಿ.
- ಕೊಯ್ಲಿಗೆ ಮುಂಚೆ ಎರಡರಲ್ಲೂ ಮೂರು ಕಡೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಗುರುತು ಮಾಡಿ. ಬದುವಿನ ಅಂಚು ಬಿಡಿ. ಚೆನ್ನಾಗಿ ಬಂದ ಜಾಗವನ್ನೇ ಆರಿಸಬೇಡಿ.
- ಕಾಳು ಒಣಗಿಸಿ ತೂಗಿ, ಮೂರರ ಸರಾಸರಿ ತೆಗೆದು 162ರಿಂದ ಗುಣಿಸಿದರೆ ಎಕರೆ ಇಳುವರಿ ಸಿಗುತ್ತೆ. ಉದಾಹರಣೆಗೆ, ಸರಾಸರಿ 2.5 ಕೆ.ಜಿ. ಬಂದರೆ ಎಕರೆಗೆ ಸುಮಾರು 405 ಕೆ.ಜಿ.
- ಹೆಚ್ಚಿಗೆ ಬಂದ ಹಣದಲ್ಲಿ ಹೆಚ್ಚಿಗೆ ಆದ ಖರ್ಚು ಕಳೆಯಿರಿ. ಉಳಿದದ್ದೇ ನಿಜವಾದ ಲಾಭ.
- ತೂಕ ಹಾಕುವಾಗ ಪಕ್ಕದ ಹೊಲದವರನ್ನು ಕರೆಯಿರಿ. ಅವರೇ ನಿಮ್ಮ 'ಬಾಹ್ಯ ತಜ್ಞರು'!
- ಒಂದೇ ವರ್ಷಕ್ಕೆ ತೀರ್ಮಾನ ಬೇಡ. ಮಳೆ ವರ್ಷವೂ ಬರಲಿ, ಬರದ ವರ್ಷವೂ ಬರಲಿ.

ಕೊನೆಯ ಮಾತು

ಯಾವುದೋ ಯೋಜನೆಯ ಮೌಲ್ಯಮಾಪನಕ್ಕೆ ಅಂತ ನಿಮ್ಮೂರಿಗೂ ಯಾರಾದರೂ ಬರಬಹುದು. ಆಗ 'ಎಲ್ಲಾ ಚೆನ್ನಾಗಿದೆ ಸಾರ್' ಅಂತ ಹೇಳಿ ಕಳಿಸಬೇಡಿ. ಬಂದವರಿಗೆ ಬೇಜಾರಾಗಬಾರದು ಅಂತ ನಾವು ಮರ್ಯಾದೆಗೆ ಆಡಿದ ಮಾತು ವರದಿಯಲ್ಲಿ 'ಯಶಸ್ಸು' ಅಂತ ಸೇರಿಕೊಳ್ಳುತ್ತದೆ. ಆಮೇಲೆ ಅದೇ ಯಂತ್ರ, ಅದೇ ಬೀಜ ಇನ್ನೊಂದು ಊರಿಗೆ ಹೋಗುತ್ತದೆ, ಅಲ್ಲಿಯ ರೈತ ಸಾಲ ಮಾಡಿ ಕೊಳ್ಳುತ್ತಾನೆ. ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ನಿಂತಿದ್ದರೆ ಕರೆದುಕೊಂಡು ಹೋಗಿ ತೋರಿಸಿ. ಯಾಕೆ ಬಿಟ್ಟಿರಿ ಅಂತಲೂ ಹೇಳಿ. ಯಾವ ತಜ್ಞರ ವರದಿಗೂ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.