ಟಿಪ್ಪಣಿಸಹಿತ ಗ್ರಂಥಸೂಚಿಯ ರಚನೆ

ವಿಶ್ವವಿದ್ಯಾನಿಲಯದಲ್ಲಿ ಪ್ರಬಂಧವನ್ನು ಬರೆಯತಕ್ಕ ವಿದ್ಯಾರ್ಥಿಯು ತಾನು ಓದಿದ ಗ್ರಂಥಗಳ ಪಟ್ಟಿಯೊಂದನ್ನು ಸಿದ್ಧಪಡಿಸುವುದು ವಾಡಿಕೆ. ಗ್ರಂಥಕರ್ತನ ಹೆಸರು, ಗ್ರಂಥದ ಹೆಸರು, ಪ್ರಕಾಶಕರು, ಪ್ರಕಟವಾದ ವರ್ಷ ಇವಿಷ್ಟನ್ನೇ ಕೊಟ್ಟರೆ ಅದು ಬರಿಯ ಗ್ರಂಥಸೂಚಿ. ಪ್ರತಿಯೊಂದು ಗ್ರಂಥದ ಹೆಸರಿನ ಕೆಳಗೂ ಅದರ ಸಾರವನ್ನೂ ಯೋಗ್ಯತೆಯನ್ನೂ ಐದಾರು ವಾಕ್ಯಗಳಲ್ಲಿ ಬರೆದರೆ ಅದು ಟಿಪ್ಪಣಿಸಹಿತ ಗ್ರಂಥಸೂಚಿಯಾಗುತ್ತದೆ. ನಾವು ಏನನ್ನು ಓದಿದೆವೆಂಬುದನ್ನು ಮೊದಲನೆಯದು ತಿಳಿಸುತ್ತದೆ. ಓದಿದ್ದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಎರಡನೆಯದು ತಿಳಿಸುತ್ತದೆ. ಈ ವ್ಯತ್ಯಾಸವು ಎಷ್ಟು ಮುಖ್ಯವಾದುದೆಂಬುದನ್ನು ಒಂದು ನಿದರ್ಶನದಿಂದ ನೋಡೋಣ.

ನಮ್ಮ ಪ್ರಬಂಧದ ವಿಷಯವು ಸುಸ್ಥಿರತೆ ಎಂದಿಟ್ಟುಕೊಳ್ಳೋಣ. ಮುಂದಿನ ಪೀಳಿಗೆಯವರ ಅಗತ್ಯಗಳಿಗೆ ಕುಂದುಬಾರದಂತೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವ ಅಭಿವೃದ್ಧಿಯೇ ಸುಸ್ಥಿರವಾದುದೆಂದು ವಿಶ್ವಸಂಸ್ಥೆಯ ಆಶ್ರಯದಲ್ಲಿ ರಚಿತವಾದ ಬ್ರಂಟ್‌ಲೆಂಡ್ ಆಯೋಗವು 1987ರಲ್ಲಿ ಹೇಳಿತು. ಇಷ್ಟು ವಿಶಾಲವಾದ ವಿಷಯಕ್ಕೆ ಸೂಚಿಯನ್ನು ರಚಿಸಹೊರಟರೆ ಕೊನೆಯೇ ಇರದು. ಆದಕಾರಣ ಅದನ್ನು ಮೊದಲು ಒಂದು ಪ್ರಶ್ನೆಯ ರೂಪಕ್ಕೆ ತಂದುಕೊಳ್ಳಬೇಕು. ಗೋಮಾಳ, ಕೆರೆ, ಕಾಡು ಮುಂತಾಗಿ ಎಲ್ಲರಿಗೂ ಸೇರಿದ ಸಂಪತ್ತನ್ನು ಊರಿನ ಜನರು ತಾವೇ ಹಾಳಾಗದಂತೆ ಉಳಿಸಿಕೊಳ್ಳಬಲ್ಲರೆ? ಇದು ಅಂತಹದೊಂದು ಪ್ರಶ್ನೆ.

ಇನ್ನು ಒಂದೊಂದು ಕೃತಿಯನ್ನು ಓದಿದ ಕೂಡಲೇ ಮೂರು ಸಂಗತಿಗಳನ್ನು ವಿಚಾರಿಸಬೇಕು. ಲೇಖಕನ ವಾದವೇನು? ಅದಕ್ಕೆ ಆಧಾರವೇನು? ನಮ್ಮ ಪ್ರಶ್ನೆಗೆ ಅದರಿಂದಾಗುವ ಪ್ರಯೋಜನವೇನು?

ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಪ್ರಸಿದ್ಧ ಲೇಖನವನ್ನು ತೆಗೆದುಕೊಳ್ಳೋಣ. ಎಲ್ಲರಿಗೂ ತೆರೆದಿರುವ ಹುಲ್ಲುಗಾವಲಿಗೆ ಒಬ್ಬನು ಇನ್ನೊಂದು ದನವನ್ನು ಬಿಟ್ಟರೆ ಲಾಭವೆಲ್ಲ ಅವನದು, ನಷ್ಟ ಮಾತ್ರ ಎಲ್ಲರದು. ಆದ್ದರಿಂದ ಪ್ರತಿಯೊಬ್ಬನೂ ದನಗಳನ್ನು ಹೆಚ್ಚಿಸುತ್ತ ಹೋಗಿ ಹುಲ್ಲುಗಾವಲೇ ನಾಶವಾಗುತ್ತದೆ. ಇದು ಅವನ ವಾದ. ಆಧಾರವೇನೆಂದು ಕೇಳಿದರೆ, ಅದು ತರ್ಕವೇ ಹೊರತು ಯಾವುದೋ ಊರಿನ ಗೋಮಾಳದಲ್ಲಿ ನಡೆಸಿದ ಪರಿಶೀಲನೆಯಲ್ಲವೆಂಬುದು ಗೊತ್ತಾಗುತ್ತದೆ. ಟಿಪ್ಪಣಿಯಲ್ಲಿ ಇದನ್ನು ತಪ್ಪದೆ ಬರೆಯಬೇಕು.

ಇದಕ್ಕೆ ಎದುರಾಗಿ ನಿಲ್ಲುವುದು ಎಲಿನರ್ ಆಸ್ಟ್ರಮ್ ಎಂಬ ವಿದುಷಿಯು 1990ರಲ್ಲಿ ಪ್ರಕಟಿಸಿದ 'ಗವರ್ನಿಂಗ್ ದ ಕಾಮನ್ಸ್' ಗ್ರಂಥ. ಈಕೆಯ ಆಧಾರ ನೈಜ ಗ್ರಾಮಗಳು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಗ್ರಾಮದಲ್ಲಿ 1517ರಷ್ಟು ಹಿಂದೆಯೇ ಒಂದು ಕಟ್ಟಳೆಯಿದ್ದಿತು: ಚಳಿಗಾಲದಲ್ಲಿ ಎಷ್ಟು ಹಸುಗಳಿಗೆ ಮೇವೊದಗಿಸಬಲ್ಲನೋ ಅಷ್ಟನ್ನು ಮಾತ್ರ ಒಬ್ಬನು ಬೆಟ್ಟದ ಹುಲ್ಲುಗಾವಲಿಗೆ ಕಳುಹಿಸಬಹುದು. ಇಂತಹ ಕಟ್ಟುಪಾಡುಗಳಿಂದ ಸಾಮೂಹಿಕ ಸಂಪತ್ತು ಶತಮಾನಗಳವರೆಗೆ ಉಳಿದುಬಂದ ನಿದರ್ಶನಗಳನ್ನೂ, ಕೆಟ್ಟುಹೋದವುಗಳನ್ನೂ ಈಕೆ ತೂಗಿ ನೋಡಿದ್ದಾರೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವು ಇವರಿಗೆ ಸಂದಿತು.

ಮೂರನೆಯದು ನಮ್ಮ ದೇಶದ್ದು. ಎನ್. ಎಸ್. ಜೋಧಾ ಅವರು ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಒಣಪ್ರದೇಶದ ಎಂಬತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಪರಿಶೀಲಿಸಿ 1986ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಊರಿನ ಸಾಮೂಹಿಕ ಭೂಮಿಯನ್ನು ಬಡವರೇ ಹೆಚ್ಚಾಗಿ ಅವಲಂಬಿಸಿರುವರೆಂದೂ, 1950ರ ದಶಕದಿಂದೀಚೆಗೆ ಅದರ ವಿಸ್ತಾರವು ಬಹಳ ಕುಗ್ಗಿತೆಂದೂ ಅದರಿಂದ ತಿಳಿಯುತ್ತದೆ. ಆದರೆ ಇದು ಒಣಪ್ರದೇಶದ ಸಂಗತಿ. ಮಲೆನಾಡಿನ ಕಾಡುಗಳಿಗೆ ಇದನ್ನು ನೇರವಾಗಿ ಅನ್ವಯಿಸಲಾಗದು. ಈ ಮಿತಿಯೂ ಟಿಪ್ಪಣಿಯಲ್ಲಿರಬೇಕು.

ಹಾರ್ಡಿನ್ನನ ಲೇಖನವೊಂದನ್ನೇ ಓದಿದವನು ಗೋಮಾಳಗಳನ್ನು ಖಾಸಗಿಯವರಿಗೋ ಸರ್ಕಾರಕ್ಕೋ ಒಪ್ಪಿಸುವುದೇ ಸರಿಯೆಂದು ತೀರ್ಮಾನಿಸಿಬಿಡಬಹುದು. ಆದರೆ ಹಾರ್ಡಿನ್ನನೇ 1998ರಲ್ಲಿ, ತನ್ನ ಮಾತು ನಿರ್ವಹಣೆಯಿಲ್ಲದ ಸಾಮೂಹಿಕ ಸಂಪತ್ತಿಗೆ ಸಲ್ಲತಕ್ಕದ್ದೆಂದೂ ಆ ವಿಶೇಷಣವನ್ನು ಬಿಟ್ಟದ್ದು ದೊಡ್ಡ ತಪ್ಪೆಂದೂ ಒಪ್ಪಿಕೊಂಡನು. ಒಂದು ವಿಶೇಷಣ ಬಿಟ್ಟುಹೋದುದರಿಂದ ಸಿದ್ಧಾಂತದ ವ್ಯಾಪ್ತಿಯೇ ಬೇರೆಯಾಯಿತು. ಆಧಾರವನ್ನು ವಿಚಾರಿಸುವ ಟಿಪ್ಪಣಿಯು ಇಂತಹ ಕೊರತೆಯನ್ನು ಹೊರಗೆಡಹುತ್ತದೆ.

ರಚನೆಯ ಕ್ರಮವು ಸುಲಭ. ಲೇಖಕರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಬೇಕು. ಮುನ್ನುಡಿಯನ್ನು ಮಾತ್ರ ಓದಿ ಟಿಪ್ಪಣಿ ಬರೆಯಬಾರದು. ಪುಟಸಂಖ್ಯೆಗಳನ್ನು ಓದುವಾಗಲೇ ಗುರುತುಹಾಕಿಕೊಳ್ಳಬೇಕು. 'ಉತ್ತಮ ಗ್ರಂಥ' ಎಂಬ ಹೊಗಳಿಕೆಯಿಂದ ಯಾರಿಗೂ ಉಪಯೋಗವಿಲ್ಲ. ಏತರಲ್ಲಿ ಉತ್ತಮವೆಂಬುದನ್ನು ಸ್ವಂತ ಮಾತುಗಳಲ್ಲಿ ಹೇಳಬೇಕು. ಒಂದು ಕೃತಿಯು ಇನ್ನೊಂದನ್ನು ಎಲ್ಲಿ ಸಮರ್ಥಿಸುತ್ತದೆ, ಎಲ್ಲಿ ಖಂಡಿಸುತ್ತದೆ ಎಂಬುದನ್ನೂ ಸೂಚಿಸಬೇಕು. ಹೀಗೆ ಮಾಡಿದಲ್ಲಿ ಸೂಚಿಯು ಮುಗಿಯುವ ಹೊತ್ತಿಗೆ ಪ್ರಬಂಧದ ಅರ್ಧಭಾಗವು ಸಿದ್ಧವಾದಂತೆಯೇ ಸರಿ.