ಕಬ್ಬರಗಿಗೆ ಮಳೆ ನೋಡಿ ಹೊರಡಿ, ಸಾಣಾಪುರಕ್ಕೆ ಡ್ಯಾಂ ನೋಡಿ

ಕೊಪ್ಪಳ ಜಿಲ್ಲೆಯಲ್ಲಿ ಜಲಪಾತ ನೋಡಲು ಹೊರಡುವವರ ಕಿವಿಗೆ ಎರಡು ಹೆಸರು ಬಿದ್ದಿರುತ್ತವೆ. ಕುಷ್ಟಗಿ ತಾಲ್ಲೂಕಿನ ಹನುಮಸಾಗರ ಕಡೆಯ ಕಬ್ಬರಗಿಯ ಕಪಿಲತೀರ್ಥ ಒಂದು, ಗಂಗಾವತಿ ತಾಲ್ಲೂಕಿನ ಆನೆಗೊಂದಿ ಬಳಿಯ ಸಾಣಾಪುರ ಇನ್ನೊಂದು. ಮೊಬೈಲಿನ ಚಿತ್ರದಲ್ಲಿ ಎರಡೂ ಒಂದೇ ತೆರ: ಬಂಡೆ, ಬಿಳಿ ನೊರೆ, ನೀರಲ್ಲಿ ನಿಂತು ನಗುವ ಹುಡುಗರು. ಆದರೆ ಕಬ್ಬರಗಿಯ ನೀರು ಅಲ್ಲಿಯ ಗುಡ್ಡದ ಮೇಲೆಯೇ ಬಿದ್ದ ಮಳೆಯದು. ಸಾಣಾಪುರದ ನೀರು ಚಿಕ್ಕಮಗಳೂರು, ಶಿವಮೊಗ್ಗ ಕಡೆ ಸುರಿದು, ಮುನಿರಾಬಾದಿನ ತುಂಗಭದ್ರಾ ಜಲಾಶಯದಲ್ಲಿ ನಿಂತು, ಬಿಟ್ಟಾಗ ಹರಿದು ಬರುವಂಥದ್ದು. ಯಾವಾಗ ಹೋಗಬೇಕು, ಇಳಿದು ಮೀಯಬಹುದೇ ಎಂಬ ಎರಡು ಪ್ರಶ್ನೆಗಳನ್ನೂ ಈ ಒಂದು ವ್ಯತ್ಯಾಸವೇ ತೀರ್ಮಾನಿಸುತ್ತದೆ.

ಮೊದಲು ಕಬ್ಬರಗಿ. ಜಿಲ್ಲೆಯಲ್ಲಿ ವರ್ಷಕ್ಕೆ ಸುರಿಯುವ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಅಷ್ಟು ಮಳೆ ಜುಲೈಯ ಕೆಲವೇ ದಿನಗಳಲ್ಲಿ ಬಂದುಹೋಗುತ್ತದೆ. ಹಾಗಾಗಿ ಮಲೆನಾಡಿನ ಲೆಕ್ಕ ಹಿಡಿದು ಜೂನ್ ಕೊನೆಗೇ ಹೊರಟರೆ ಒಣ ಬಂಡೆ ಕಾಣುವ ಸಾಧ್ಯತೆಯೇ ಹೆಚ್ಚು. ಈ ಸೀಮೆಗೆ ಮಳೆ ಕೈಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ಉತ್ತರಿ, ಹಸ್ತ, ಚಿತ್ತಿ ಮಳೆಗಳ ಹೊತ್ತಿಗೆ. ಆ ದಿನಗಳಲ್ಲೂ ಕ್ಯಾಲೆಂಡರಿಗಿಂತ ಹನುಮಸಾಗರದ ಬಸ್ ಸ್ಟ್ಯಾಂಡಿನ ಚಹಾದಂಗಡಿಯವರ ಮಾತು ಹೆಚ್ಚು ನಂಬಿಕೆಗೆ ಅರ್ಹ. ಒಂದೆರಡು ದೊಡ್ಡ ಮಳೆ ಬಿದ್ದು ಹಳ್ಳ ಹರಿಯತೊಡಗಿದ ಮೇಲೆ, ಆಕಾಶ ತಿಳಿಯಾದ ದಿನ ನೋಡಿ ಹೊರಡಿ. ಹುಬ್ಬಳ್ಳಿ ಕಡೆಯವರಿಗೆ 2025ರ ಮೇ ತಿಂಗಳಿನಿಂದ ಕುಷ್ಟಗಿಗೆ ರೈಲು ಬಂದಿದೆ. ಅಲ್ಲಿಂದ ಹನುಮಸಾಗರಕ್ಕೆ ಬಸ್ ಹಿಡಿಯಬೇಕು. ಗದಗ ಕಡೆಯಿಂದ ಬರುವವರಿಗೆ ಗಜೇಂದ್ರಗಡದ ದಾರಿ ಹತ್ತಿರ. ಸ್ವಂತ ಗಾಡಿ ಇದ್ದರೆ ಮರಳುವಾಗ ಕಾಯುವ ಪಾಡು ತಪ್ಪುತ್ತದೆ.

ಎರಡು ತಿಂಗಳು ಬಾಳುವ ನೀರಿಗಾಗಿ ಕುರುಚಲು ಗುಡ್ಡ ಏರಬೇಕೇ, ಜೋಗಕ್ಕೇ ಹೋದರಾಯಿತಲ್ಲ ಎಂದು ಕೇಳುವವರಿದ್ದಾರೆ. ಜೋಗವನ್ನು ದೂರ ನಿಂತು ನೋಡುತ್ತೇವೆ. ಇಲ್ಲಿ ಧಾರೆಯ ಕೆಳಗೆ ತಲೆಯೊಡ್ಡಿ ನಿಲ್ಲಬಹುದು. ಯಲಬುರ್ಗಾ, ಕುಷ್ಟಗಿ, ಇಳಕಲ್‌ನ ಸಂಸಾರಗಳಿಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವ ಅನುಕೂಲ ಸಣ್ಣದಲ್ಲ. ಜಿಗಣೆಯ ಕಾಟವಂತೂ ಇಲ್ಲವೇ ಇಲ್ಲ. ಆದರೆ ಗುಡ್ಡದ ನೀರಿಗೆ ಅದರದೇ ಗುಣವಿದೆ. ಮಣ್ಣು ತೆಳುವಾದ ಕಲ್ಲುಗುಡ್ಡ ಮಳೆಯನ್ನು ಹೀರಿ ಇಟ್ಟುಕೊಳ್ಳುವುದಿಲ್ಲ. ಮೇಲೆ ಬಿದ್ದದ್ದು ಸ್ವಲ್ಪ ಹೊತ್ತಿನಲ್ಲೇ ಕೆಳಗಿರುತ್ತದೆ. ನಿಮ್ಮ ತಲೆಯ ಮೇಲೆ ಬಿಸಿಲಿದ್ದು ಗುಡ್ಡದ ಹಿಂದೆ ಮೋಡ ಕಪ್ಪಾಗಿದ್ದರೂ ನೀರು ಏರಬಹುದು. ತಿಳಿನೀರು ಕೆಂಪಾದರೆ, ತೇಲುವ ಎಲೆ, ಕಡ್ಡಿ ಹೆಚ್ಚಿದರೆ, ಚಪ್ಪಲಿ ಹುಡುಕುತ್ತಾ ಕೂರದೆ ದಂಡೆ ಹತ್ತಿ. ಪಾಚಿಗಟ್ಟಿದ ಬಂಡೆ ಎಲ್ಲಕ್ಕಿಂತ ಮೋಸ. ಹಿಡಿತವಿರುವ ಬೂಟು ಹಾಕಿ, ಕೆಳಗೆ ಮೈ ನೆನೆಸಿ, ಧಾರೆಯ ನೆತ್ತಿ ಏರುವ ಆಸೆ ಬಿಡಿ. ತಳ ಕಾಣದ ಗುಂಡಿಗೆ ಮಕ್ಕಳನ್ನು ಇಳಿಸಬೇಡಿ. ಸಾಬೂನು, ಶಾಂಪೂ ಪೊಟ್ಟಣಗಳನ್ನು ಒಯ್ಯಲೇಬೇಡಿ.

ಸಾಣಾಪುರದ ಕಥೆ ಬೇರೆ. ಅಲ್ಲಿಯ ಕೆರೆಗೆ ನೀರು ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಬರುತ್ತದೆ; ನೊರೆಯುಕ್ಕಿಸಿ ಬೀಳುವ ಧಾರೆಯೂ, ಪಕ್ಕದ ನದಿಯೂ ಅಣೆಕಟ್ಟಿನ ಲೆಕ್ಕಕ್ಕೆ ಸೇರಿದವು. ಕಾಲುವೆಗೆ ನೀರು ಯಾವಾಗ, ಎಷ್ಟು ದಿನ ಎಂಬುದನ್ನು ನೀರಾವರಿ ಸಲಹಾ ಸಮಿತಿ ನಿರ್ಧರಿಸುತ್ತದೆ. ಗಂಗಾವತಿಯ ಭತ್ತದ ರೈತರಷ್ಟೇ ಆಸಕ್ತಿಯಿಂದ ಪ್ರವಾಸಿಗರೂ ಆ ಸುದ್ದಿ ಓದಬೇಕು. 2024ರ ಆಗಸ್ಟ್‌ನಲ್ಲಿ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಚೈನು ಕಡಿದು ಕೊಚ್ಚಿಹೋದಾಗ ನದಿಪಾತ್ರದ ಊರುಗಳಿಗೆ ರಾತ್ರೋರಾತ್ರಿ ಎಚ್ಚರಿಕೆ ಕೊಡಬೇಕಾಯಿತು. ಆನೆಗೊಂದಿಯ ಮೇಲಿನ ಮೋಡ ನೋಡಿ ಅದನ್ನು ಯಾರೂ ಊಹಿಸುವಂತಿರಲಿಲ್ಲ. ಬೇಸಿಗೆಯಲ್ಲಿ ಭಯವಿಲ್ಲ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. 2025ರ ಫೆಬ್ರುವರಿಯಲ್ಲಿ, ಮಳೆಯ ಸುಳಿವೇ ಇಲ್ಲದ ದಿನಗಳಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವ ವೈದ್ಯೆಯೊಬ್ಬರು ಸಾಣಾಪುರದ ಬಳಿ ಬಂಡೆಯ ಮೇಲಿಂದ ನದಿಗೆ ಹಾರಿ, ಸ್ವಲ್ಪ ಹೊತ್ತು ಈಜಿ, ಸೆಳವಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು.

ಊರ ಹುಡುಗರು ದಿನವೂ ಹಾರುತ್ತಾರಲ್ಲ ಎಂಬುದು ಇದಕ್ಕೆ ಬರುವ ಮಾಮೂಲಿ ಉತ್ತರ. ಅವರಿಗೆ ಬಂಡೆಗಳ ನಡುವಿನ ಕೊರಕಲು, ಯಾವ ಮಟ್ಟದಲ್ಲಿ ಸುಳಿ ಎಲ್ಲಿ ಏಳುತ್ತದೆ ಎಂಬುದು ಚಿಕ್ಕಂದಿನಿಂದ ಗೊತ್ತು. ಹಾಗಿದ್ದೂ ನದಿ ಅವರನ್ನು ಸದಾ ಬಿಡುತ್ತದೆ ಎಂದೇನಿಲ್ಲ. ಈಜುಕೊಳದಲ್ಲಿ ಕಲಿತ ಈಜು ನಿಂತ ನೀರಿಗೆ ಸಾಕು. ಬಂಡೆಯ ಅಡಿಗೆ ಎಳೆಯುವ ಸೆಳವಿನಲ್ಲಿ ತೋಳಿನ ಬಲ ಬಹಳ ಹೊತ್ತು ನಡೆಯುವುದಿಲ್ಲ. ಮೇಲಾಗಿ ತುಂಗಭದ್ರೆಯಲ್ಲಿ ಮೊಸಳೆಗಳಿವೆ. ನೀರಿನ ಮೇಲಿರುವ ಆಸೆಯೇ ದೊಡ್ಡದಾದರೆ, ಅನುಮತಿ ಇರುವ ದಿನ ಲೈಫ್ ಜಾಕೆಟ್ ತೊಟ್ಟು ಹರಿಗೋಲು ಏರಿ. ಕತ್ತಲಾಗುವ ಮೊದಲು ಊರು ಸೇರಿ. ಸಾಣಾಪುರದ ಸುತ್ತಲಿನ ಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಡುತ್ತವೆ.

ಕಬ್ಬರಗಿ, ಸಾಣಾಪುರ ಎರಡನ್ನೂ ಒಂದೇ ದಿನಕ್ಕೆ ಜೋಡಿಸಬೇಡಿ, ಜಿಲ್ಲೆಯ ಎರಡು ತುದಿಗಳವು. ಮೀಯಲೇಬೇಕು ಎನ್ನುವವರು ಕಬ್ಬರಗಿಯನ್ನು ಆರಿಸಿಕೊಳ್ಳಿ. ಸಾಣಾಪುರ ದಂಡೆಯಿಂದ ನೋಡುವ ಜಾಗ. ಕಬ್ಬರಗಿ ಬತ್ತಿದೆಯೆಂದು ಹೊರಡುವ ಮುನ್ನವೇ ತಿಳಿದರೆ ಕುಕನೂರಿನ ಕಡೆ ತಿರುಗಿ: 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ ನೋಡಲು ಮಳೆಗಾಗಿ ಕಾಯಬೇಕಿಲ್ಲ.