‘ಐಗನ್’ ಎಂಬವರು ಯಾರು?

‘ಐಗನ್ ಮೌಲ್ಯ’ ಎಂಬ ಪದವನ್ನು ಮೊದಲು ಕೇಳಿದ ವಿದ್ಯಾರ್ಥಿಗಳು, ನ್ಯೂಟನ್, ಓಮ್ ಇವರಂತೆ ಐಗನ್ ಎಂಬ ವಿಜ್ಞಾನಿಯೂ ಇದ್ದಿರಬೇಕೆಂದು ಭಾವಿಸುವುದುಂಟು. ಆ ಹೆಸರಿನ ಜರ್ಮನ್ ರಸಾಯನವಿಜ್ಞಾನಿಯೊಬ್ಬರು 1967ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದುದು ನಿಜ. ಆದರೆ ಈ ಪದವು ಅವರಿಂದ ಬಂದುದಲ್ಲ. ಜರ್ಮನ್ ಭಾಷೆಯಲ್ಲಿ ‘ಐಗನ್’ ಎಂದರೆ ‘ಸ್ವಂತ’ ಎಂದಷ್ಟೇ ಅರ್ಥ. ಡಚ್ಚರೂ ಅದನ್ನು ಇವೇ ಅಕ್ಷರಗಳಲ್ಲಿ ಬರೆಯುತ್ತಾರೆ. ಸ್ವೀಡಿಷ್ ಭಾಷೆಯ ‘ಏಗೆನ್’, ಇಂಗ್ಲಿಷಿನ ‘ಓನ್’ ಇವೂ ಅದರ ಒಡಹುಟ್ಟುಗಳೇ.

ಈ ‘ಸ್ವಂತ’ಕ್ಕೂ ಭೌತವಿಜ್ಞಾನಕ್ಕೂ ಏನು ಸಂಬಂಧ? ಎರಡು ತುದಿಗಳಲ್ಲಿ ಬಿಗಿದ ತಂತಿಯೊಂದನ್ನು ಮೀಟಿ ನೋಡಿರಿ. ಅದರ ಉದ್ದದಲ್ಲಿ ಒಂದು, ಎರಡು, ಮೂರು ಹೀಗೆ ಪೂರ್ಣಸಂಖ್ಯೆಯ ಅರ್ಧತರಂಗಗಳು ಹಿಡಿಸುವ ಕಂಪನಗಳು ಮಾತ್ರ ಅಲ್ಲಿ ನೆಲೆಗೊಳ್ಳಬಲ್ಲವು. ಬೆರಳು ಕೊಡುವುದು ಶಕ್ತಿಯನ್ನು. ಕಂಪನಗಳ ಆವೃತ್ತಿಗಳನ್ನು ನಿರ್ಧರಿಸುವುವು ತಂತಿಯ ಉದ್ದ, ಬಿಗಿತ, ತೂಕಗಳೇ. ಆದುದರಿಂದ ಅವು ತಂತಿಯ ಸ್ವಂತ ಆವೃತ್ತಿಗಳು.

ಗಣಿತಜ್ಞ ಹಿಲ್ಬರ್ಟರು 1904ರಲ್ಲಿ ಸಮೀಕರಣಗಳ ಇಂಥ ವಿಶಿಷ್ಟ ಸಂಖ್ಯೆಗಳಿಗೆ ಈ ಪದವನ್ನು ಬಳಸಿದರು. ಪರಮಾಣುವಿನ ಶಕ್ತಿಮಟ್ಟಗಳೂ ಐಗನ್ ಮೌಲ್ಯಗಳೇ ಎಂದು 1926ರಲ್ಲಿ ಶ್ರೋಡಿಂಗರರು ತೋರಿಸಿದರು. ಹೈಡ್ರೊಜನ್ನಿನ ಅತ್ಯಂತ ಕೆಳಗಿನ ಮಟ್ಟವಾದ −13.6 ಎಲೆಕ್ಟ್ರಾನ್ ವೋಲ್ಟ್ ಆ ಪರಮಾಣುವಿನ ಸ್ವಂತ ಸಂಖ್ಯೆ.

ಇನ್ನು ಮುಂದೆ ಈ ಪದ ಎದುರಾದಾಗ ವ್ಯಕ್ತಿಯನ್ನು ಹುಡುಕಬೇಡಿರಿ. ‘ಈ ವ್ಯವಸ್ಥೆಗೆ ಸ್ವಂತವಾದುದು ಯಾವುದು?’ ಎಂದು ಕೇಳಿಕೊಳ್ಳಿರಿ.